ಒಂದು ಗುರು, ಎರಡು ಲಘು

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರ ಬಲಗೈಗೆ ಸ್ಪರ್ಶ ಹೋಯಿತು. ಕೈ ಆಡುತ್ತಿತ್ತು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ನನ್ನ ಪುಣ್ಯವೋ ಕರ್ಮವೋ. ಛಂದಸ್ಸಿನ ಪದಕೋಶ ಬರೆಯುವುದು ಅವರ ಕೆಲಸ. ಆಸ್ಪತ್ರೆಯ ಮಂಚದ ಮೇಲೂ ಅದೇ ಪುರಾಣ. ಒಂದು ಗುರು, ಎರಡು ಲಘು: ನಾವು ಭಗಣ ಅನ್ನುವುದಕ್ಕೆ ಗ್ರೀಕರು ದಾಕ್ತುಲೋಸ್, ಅಂದರೆ ಬೆರಳು, ಎಂದು ಹೆಸರಿಟ್ಟರಂತೆ. ಬುಡದ ಗೆಣ್ಣು ಉದ್ದ, ಮೇಲಿನವೆರಡು ಗಿಡ್ಡ.

"ಅದನ್ನೇ ಇಟಲಿಯವರು ದಾತ್ತಿಲೊ ಅಂತಾರೆ, ಫ್ರೆಂಚರು ದಾಕ್ತೀಲ್, ಜರ್ಮನರು ದಾಕ್ಟ್ಯುಲುಸ್. ತಮಾಷೆ ಏನು ಗೊತ್ತೇನೆ? ಅವರ್ಯಾರೂ ಮನೇಲಿ ಬೆರಳಿಗೆ ಹಾಗನ್ನಲ್ಲ. ಹೆಸರಲ್ಲಿ ಬೆರಳಿದೆ, ಯಾರಿಗೂ ತಾಗಲ್ಲ."

"ನಿಮಗೂ ತಾಗಲ್ಲ. ಮೊದಲು ಮಾತ್ರೆ ನುಂಗಿ," ಅಂದೆ.

ಮಗಳು ಹಸುಗೂಸನ್ನು ಎತ್ತಿಕೊಂಡು ನೋಡಲು ಬಂದಿದ್ದಳು. ಇವರು ಕೈ ಚಾಚಿದರು. ಅವಳು ಹಿಂದೆ ಸರಿದಳು. "ಬೇಜಾರು ಮಾಡ್ಕೋಬೇಡಪ್ಪ. ಕೈಗೆ ಸ್ಪರ್ಶ ಬರಲಿ, ಆಮೇಲೆ ಕೊಡ್ತೀನಿ. ಜಾರಿದ್ರೂ ನಿನಗೆ ಗೊತ್ತಾಗಲ್ಲ." ತಪ್ಪು ಮಾತೇನಲ್ಲ. ಅಂದಿನಿಂದ ಇವರಿಗೆ ಬೇಕಾದದ್ದು ಅದೊಂದೇ, ಮೊಮ್ಮಗಳನ್ನು ಎತ್ತಿಕೊಳ್ಳುವುದು.

ಮನೆಗೆ ಬಂದ ಮೇಲೆ ಫಿಸಿಯೋ ಹುಡುಗಿ ಬರತೊಡಗಿದಳು. ಇವರು ಕಣ್ಣು ಮುಚ್ಚಬೇಕು, ಅವಳು ತೋರುಬೆರಳಿನ ಮೂರು ಗೆಣ್ಣುಗಳನ್ನು ಬುಡದಿಂದ ಒಂದೊಂದಾಗಿ ಹತ್ತಿಯಿಂದ ಮುಟ್ಟುತ್ತಾಳೆ, ತಿಳಿದಾಗ ಹೂಂ ಅನ್ನಬೇಕು. ಮೊದಮೊದಲು ಮೌನ. ಆಮೇಲೆ ಒಂದು ದಿನ "ಹೂಂ" ಅಂದರು, ಸ್ವಲ್ಪ ತಡೆದು "ಹೂಂ ಹೂಂ." ಮೂರೂ ಸರಿ. ಮರುದಿನವೂ ಸರಿ. ಹುಡುಗಿ ಕುಣಿದಾಡುವುದೊಂದು ಬಾಕಿ. ಮಗಳಿಗೆ ಫೋನು ಹೋಯಿತು. ಭಾನುವಾರ ಬರುತ್ತೇನೆ ಅಂದಳು.

ನನಗೆ ಖುಷಿಯಾಗಲಿಲ್ಲ, ದುಃಖವೂ ಇರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅಂದಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ.

ಭಾನುವಾರ ಬೆಳಿಗ್ಗೆ ಇವರೇ ಕರೆದರು. "ಒಂದ್ಸಲ ನೀನೂ ಮುಟ್ಟಿ ನೋಡೆ." ಮದುವೆಯಾದಾಗಿನಿಂದ ಪದ್ಯದ ಗಣ ಎಣಿಸಲು ಇವರಿಗೆ ನನ್ನ ಬೆರಳೇ ಬೇಕಿತ್ತು. ಇವತ್ತು ಇವರ ಬೆರಳು ನನ್ನ ಕೈಯಲ್ಲಿ. "ಶುರು," ಅಂದು ಬುಡದ ಗೆಣ್ಣನ್ನು ಮುಟ್ಟಿದೆ.

"ಹೂಂ."

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಕೈ ಬಿಟ್ಟು ಎದ್ದು ನಿಂತೆ.

"ಹೂಂ ಹೂಂ," ಅಂದರು ಇವರು. ಕಣ್ಣು ಮುಚ್ಚಿಯೇ ಇತ್ತು, ಮುಖದಲ್ಲಿ ನಗು. ಬೆರಳು ಗಾಳಿಯಲ್ಲಿತ್ತು.

ಹಾಲು ಉಕ್ಕಲಿ ಎಂದು ಮತ್ತೆ ಕೂತೆ. "ಶುರು," ಅಂದೆ. ಈ ಸಲ ಮುಟ್ಟಲೇ ಇಲ್ಲ.

"ಹೂಂ. ಹೂಂ ಹೂಂ."

"ರೀ, ನಾನು ಮುಟ್ಟಲಿಲ್ಲ."

ಕಣ್ಣು ತೆರೆದರು. ಬೆರಳನ್ನು ನೋಡಿದರು, ನನ್ನನ್ನು ನೋಡಿದರು. "ಸುಳ್ಳು ಹೇಳ್ತಿರಲಿಲ್ಲ ಕಣೆ. ಆ ಹುಡುಗಿ ಬಗ್ಗಿದಾಗ ಅವಳ ಕುರ್ಚಿ ಕಿರ್ ಅನ್ನುತ್ತೆ, ನೀನು ಶುರು ಅಂದೆ. ಆಮೇಲೆ ಒಂದು ಉದ್ದ, ಎರಡು ಗಿಡ್ಡ ತಾನಾಗೇ ಬರುತ್ತೆ. ನನಗೆ ಮುಟ್ಟಿದ ಹಾಗೇ ಅನಿಸ್ತು."

ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಎದ್ದೆ. ಹೋಗಿ ಒಲೆ ಒರೆಸಿದೆ.

ಮಧ್ಯಾಹ್ನ ಮಗಳು ಬಂದಳು. ಬಾಗಿಲಲ್ಲೇ, "ತಗೋಪ್ಪ, ನಿನ್ನ ಮೊಮ್ಮಗಳು," ಎಂದು ಮುಂದೆ ಬಂದಳು. ಇವರು ನನ್ನ ಮುಖ ನೋಡಿದರು. ಹೇಳಬೇಡ ಎಂದು ಆ ಕಣ್ಣು ಬೇಡುತ್ತಿತ್ತು.

"ಕೈಗೆ ಇನ್ನೂ ಸ್ಪರ್ಶ ಬಂದಿಲ್ಲಮ್ಮ. ಇಲ್ಲಿ ಕೊಡು," ಎಂದು ಮಗುವನ್ನು ನಾನೇ ತೆಗೆದುಕೊಂಡು ಇವರ ಪಕ್ಕ ಕೂತೆ. ಇವರು ತಲೆ ತಗ್ಗಿಸಿದರು.

ನಾನು ಇವರ ತೋರುಬೆರಳನ್ನು ಎತ್ತಿ ಮಗುವಿನ ಅಂಗೈಯಲ್ಲಿಟ್ಟೆ. ಮಗು ಮುಷ್ಟಿ ಬಿಗಿಯಿತು. ಇವರು ಕಣ್ಣು ಮುಚ್ಚಿ ಕಾದರು. ಎಣಿಸಲು ಅಲ್ಲಿ ಉದ್ದವೂ ಇರಲಿಲ್ಲ, ಗಿಡ್ಡವೂ ಇರಲಿಲ್ಲ. ಮಗು ಸುಮ್ಮನೆ ಹಿಡಿದೇ ಇತ್ತು.

ತುಂಬ ಹೊತ್ತಾದ ಮೇಲೆ ಕೇಳಿದರು, "ಹಿಡ್ಕೊಂಡಿದ್ದಾಳೇನೆ?"

"ಹೂಂ," ಅಂದೆ. ಆಗ ನನಗೆ ಅಳು ಬಂತು.