ಅಣ್ಣ ಬರೆದಿಟ್ಟ ಒಂದು ನಿಮಿಷ

ಅತ್ತಿಗೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿದೆ ಎಂಬ ಸುದ್ದಿ ಅವಳ ಮೈದುನನಾದ ಮೆಕ್ಯಾನಿಕ್‌ಗೆ ತಲುಪಿದ್ದು ಅತ್ತಿಗೆಯಿಂದಲ್ಲ, ಅವಳ ಬಳಿ ಕೆಲಸಕ್ಕಿದ್ದ ದಾರ ಸುತ್ತುವ ಹೆಂಗಸಿನಿಂದ. "ಒಳಗೆ ಕಟಕಟ ಅನ್ನತ್ತೆ. ಯಾರಿಗೂ ಹೇಳ್ಬೇಡ ಅಂದಿದಾರೆ ಅಮ್ಮಾವ್ರು" ಎಂದು ಆಕೆ ಅಂಗಡಿಗೇ ಬಂದು ಒಂದೂ ಬಿಡದೆ ಹೇಳಿ ಹೋದಳು. ಮರುದಿನ ಬೆಳಿಗ್ಗೆಯೇ ಅವನು ಚೀಲ ಹೆಗಲಿಗೇರಿಸಿಕೊಂಡು ಅತ್ತಿಗೆಯ ಮನೆ ಬಾಗಿಲಲ್ಲಿ ನಿಂತ.

ಮನೆಯ ಮುಂದಿನ ಕೋಣೆಯೇ ಎಂಬ್ರಾಯ್ಡರಿ ಕೆಲಸದ ಜಾಗ. ಗೋಡೆಯುದ್ದಕ್ಕೂ ದಾರದ ರೀಲುಗಳು, ಮೇಜಿನ ಮೇಲೆ ಶಾಲೆಯ ಅಂಗಿಗಳಿಂದ ಬಿಚ್ಚಿದ ಜೇಬುಗಳ ರಾಶಿ. ಆ ಜೇಬುಗಳ ಮೇಲೆ ಲಾಂಛನ ಹೊಲಿಯುವ ಯಂತ್ರಕ್ಕೆ ಬುದ್ಧಿ ಹೇಳುವುದು ಮೂಲೆಯಲ್ಲಿದ್ದ ಕಂಪ್ಯೂಟರ್. ವಿನ್ಯಾಸದ ಸಾಫ್ಟ್‌ವೇರ್ ಓಡಬೇಕಾದರೆ ಹಿಂಬದಿಯ ಹಳೇ ಕಾಲದ ಪೋರ್ಟಿಗೆ ಪರವಾನಗಿಯ ಗುರುತು ತುಂಬಿದ ಬೆರಳುದ್ದದ ಬೀಗವೊಂದನ್ನು ಸಿಕ್ಕಿಸಲೇಬೇಕು. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ಈ ಮುದಿ ಮದರ್‌ಬೋರ್ಡನ್ನು ಬಿಡುವಂತೆಯೂ ಇಲ್ಲ.

"ಹಾರ್ಡ್‌ಡಿಸ್ಕ್ ಹೀಗಾಗಿ ಎಷ್ಟು ದಿನ ಆಯ್ತು, ಅತ್ತಿಗೆ?"

"ಮೂರ್ನಾಲ್ಕು ತಿಂಗಳು ಆಗಿರ್ಬೇಕು."

"ನಂಗ್ಯಾಕೆ ಹೇಳ್ಲಿಲ್ಲ? ಒಂದಿನ ಪೂರ್ತಿ ಕೈಕೊಟ್ಟಿದ್ರೆ ನಿಮ್ಮ ಕೆಲಸವೆಲ್ಲ ಮಣ್ಣುಪಾಲು!"

ಅತ್ತಿಗೆ ಜೇಬುಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದಳು.

ಈ ಕಂಪ್ಯೂಟರನ್ನು ಜೋಡಿಸಿದವನು ಅಣ್ಣ. ಆಗ ಅಣ್ಣತಮ್ಮಂದಿರಿಬ್ಬರದೂ ಒಂದೇ ಅಂಗಡಿ, ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಸ್ಕ್ರೂಡ್ರೈವರ್. ಅದು ಯಾರ ಕೈಯಲ್ಲಿದೆಯೋ ಅವನೇ ಆ ಹೊತ್ತಿನ ಯಜಮಾನ. ಮಧ್ಯಾಹ್ನವಾದರೆ ಅತ್ತಿಗೆ ಹಿಂಬಾಗಿಲಿಂದ ಊಟಕ್ಕೆ ಕರೆಯುವಳು. ಅಣ್ಣ ಬೋರ್ಡಿನಿಂದ ಕಣ್ಣೆತ್ತದೆ, "ಬಂದೆ, ಬಂದೆ, ಒಂದ್ನಿಮಿಷ!" ಎನ್ನುವನು. ಆ ಒಂದು ನಿಮಿಷದಲ್ಲಿ ಸಾರು ಆರಿ, ಮತ್ತೆ ಬಿಸಿಯಾಗಿ, ಇನ್ನೊಮ್ಮೆ ಆರುತ್ತಿತ್ತು. ಅಂಥ ಮಧ್ಯಾಹ್ನಗಳನ್ನು ನೆನೆದರೆ ಮೆಕ್ಯಾನಿಕ್‌ಗೆ ಈಗಲೂ ಬೆಸುಗೆಯ ಹೊಗೆ ಮೂಗಿಗೆ ಬಡಿದಂತಾಗುತ್ತದೆ. ಅವನ ಬದುಕಿನಲ್ಲಿ ಅದಕ್ಕಿಂತ ಸುಖದ ಕಾಲ ಇರಲಿಲ್ಲ. ಅಣ್ಣ ಹೋಗಿ ಮೂರು ವರ್ಷ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಆಸ್ಪತ್ರೆ ಮುಟ್ಟುವವರೆಗೂ ಉಳಿಯಲಿಲ್ಲ.

ಕೆಲಸಕ್ಕೆ ಕೂತ. ಮೊದಲು ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸ ಎನ್‌ವಿಎಂಇ ಡ್ರೈವಿಗೆ ನಕಲು ಮಾಡಿದ. ಚೂಯಿಂಗ್ ಗಮ್‌ನಷ್ಟೇ ಅಗಲದ ಆ ಡ್ರೈವನ್ನು ಒಂದು ಅಡಾಪ್ಟರ್ ಕಾರ್ಡಿನ ಮೇಲೆ ಕೂರಿಸಿ ಬೋರ್ಡಿಗೆ ಸಿಕ್ಕಿಸಿದ. ಆದರೆ ಇಂಥ ಡ್ರೈವುಗಳು ಬಳಕೆಗೆ ಬರುವ ಮೊದಲೇ ತಯಾರಾದ ಬೋರ್ಡು ಅದು. ಎಲ್ಲಕ್ಕಿಂತ ಮೊದಲು ಎಚ್ಚರವಾಗುವ ಬಯಾಸ್‌ಗೆ ಇದರ ಪರಿಚಯವೇ ಇಲ್ಲ. ಇದರಿಂದ ಕಂಪ್ಯೂಟರನ್ನು ಏಳಿಸಬಹುದೆಂಬ ಕಲ್ಪನೆಯೂ ಇಲ್ಲ. ಪರಿಚಯ ಮಾಡಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಬಯಾಸ್ ಫೈಲಿನೊಳಗೆ ತೂರಿಸಿ, ಬಯಾಸ್ ಇರುವ ಎಂಟು ಕಾಲಿನ ಚಿಪ್‌ಗೆ ಹೊಸದಾಗಿ ಬರೆಯಬೇಕು.

ಬರೆಯುವ ಮೊದಲು ಚಿಪ್‌ನಲ್ಲಿರುವುದನ್ನು ಎರಡು ಸಲ ಓದಿಟ್ಟುಕೊಳ್ಳಬೇಕು, ಎರಡೂ ಅಕ್ಷರಶಃ ಒಂದೇ ಎಂದು ಹೋಲಿಸಬೇಕು, ಆಮೇಲೆ ಕೈ ಹಚ್ಚಬೇಕು. ಇದು ಅಣ್ಣ ಹಾಕಿಕೊಟ್ಟ ಪದ್ಧತಿ. ಮೆಕ್ಯಾನಿಕ್ ಚಿಪ್‌ಗೆ ಲ್ಯಾಪ್‌ಟಾಪಿಗೆ ಜೋಡಿಸಿದ ಕ್ಲಿಪ್ ಕಚ್ಚಿಸಿ ಎರಡು ಸಲ ಓದಿದ. ಹೋಲಿಸಲಿಲ್ಲ. ಇಪ್ಪತ್ತು ವರ್ಷದ ಕೈ, ಅದಕ್ಕೆ ತುಸು ಜಂಬ ಬಂದಿತ್ತು. ಬೋರ್ಡಿನ ಕಂಪನಿಯ ಜಾಲತಾಣದಿಂದ ಇಳಿಸಿಕೊಂಡಿದ್ದ ಹೊಸ ಬಯಾಸ್ ಫೈಲಿಗೆ ಡ್ರೈವರ್ ಸೇರಿಸಿ, ಚಿಪ್ ಅಳಿಸಿ, ಬರೆದೇಬಿಟ್ಟ.

ಕಂಪ್ಯೂಟರ್ ಎದ್ದಿತು. ಹೊಸ ಡ್ರೈವಿನಿಂದಲೇ ಎದ್ದಿತು! "ಬನ್ನಿ ಅತ್ತಿಗೆ, ನೋಡಿ! ಕಣ್ಮುಚ್ಚಿ ತೆಗೆಯೋದ್ರಲ್ಲಿ ರೆಡಿ!" ಎಂದು ಕೂಗಿ, ಮತ್ತೊಮ್ಮೆ ಆರಿಸಿ ಹಚ್ಚಿ ತೋರಿಸಿದ. ತೆರೆಯ ಮೇಲೆ ಕಂಪನಿಯ ಕೆಂಪು ಗುರುತು ಮಿಂಚಿ ಹೋಯಿತು.

ಅತ್ತಿಗೆ ತೆರೆಯನ್ನೇ ನೋಡುತ್ತ ನಿಂತಳು. "ಅವರ ಅಕ್ಷರ ಎಲ್ಲಿ?" ಎಂದಳು.

ಅವನಿಗೆ ಆಗ ನೆನಪಾಯಿತು. ಕಂಪನಿಯ ಗುರುತು ಬರುವ ಜಾಗದಲ್ಲಿ ಅಣ್ಣ ತನ್ನ ಕೈಬರಹದ ಚಿತ್ರವೊಂದನ್ನು ಕೂರಿಸಿದ್ದ. ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ "ಬಂದೆ, ಬಂದೆ, ಒಂದ್ನಿಮಿಷ!" ಎಂದು ಬರೆದು, ಸ್ಕ್ಯಾನ್ ಮಾಡಿ, ಕಪ್ಪಿನ ಮೇಲೆ ಬಿಳಿಯಾಗಿ ತಿರುಗಿಸಿ, ಬಯಾಸ್‌ನೊಳಗೆ ಇಟ್ಟಿದ್ದ. ಹೆಂಡತಿಯನ್ನು ರೇಗಿಸಲು ಮಾಡಿದ ಕೆಲಸ. ಆ ಕಾಗದ ಎಂದೋ ಕಸಕ್ಕೆ ಹೋಗಿತ್ತು. ಚಿಪ್‌ನಲ್ಲಿ ಇದ್ದುದೊಂದೇ ಪ್ರತಿ, ಅದನ್ನೀಗ ತಮ್ಮನೇ ಅಳಿಸಿದ್ದ.

"ಡಿಸ್ಕ್ ಕೆಟ್ಟ ಮೇಲೆ ಅದು ತೆರೆ ಮೇಲೆ ತುಂಬಾ ಹೊತ್ತು ನಿಲ್ತಿತ್ತು ಕಣೋ. ಮೂರು ಮೂರು ನಿಮಿಷ. ಕೂತ್ಕೊಂಡು ನೋಡ್ತಿದ್ದೆ. ಅದಕ್ಕೇ ನಿಂಗೆ ಹೇಳ್ಲಿಲ್ಲ." ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದೆರಡು ಮಾತು ಬೈದಿದ್ದರೂ ಅವನಿಗೆ ಹಗುರಾಗುತ್ತಿತ್ತು.

"ಓದಿಟ್ಕೊಂಡಿದೀನಿ ಅತ್ತಿಗೆ, ಎರಡು ಸಲ ಓದಿಟ್ಕೊಂಡಿದೀನಿ" ಎನ್ನುತ್ತ ಲ್ಯಾಪ್‌ಟಾಪ್ ಎಳೆದುಕೊಂಡ. ಎರಡು ಫೈಲುಗಳನ್ನು ಈಗ ಹೋಲಿಸಿದ. ಒಂದಕ್ಕೊಂದು ತಾಳೆಯಾಗಲಿಲ್ಲ. ಕ್ಲಿಪ್ ಎಲ್ಲೋ ಸಡಿಲವಾಗಿ, ಓದುವಾಗಲೇ ತಪ್ಪಿತ್ತು. ಮತ್ತೆ ಓದೋಣವೆಂದರೆ ಚಿಪ್‌ನಲ್ಲಿ ಹಳೆಯದೇನೂ ಉಳಿದಿಲ್ಲ. ಅಣ್ಣ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದ; ಮೊಟಕಿಸಿಕೊಳ್ಳಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಮೊದಲ ಫೈಲಿನಿಂದ ಚಿತ್ರವನ್ನು ಹೊರತೆಗೆದ. "ಬಂದೆ, ಬಂ" ಎಂಬಲ್ಲಿಗೆ ನಿಂತು, ಮಿಕ್ಕಿದ್ದೆಲ್ಲ ಬೂದು ಬಣ್ಣ. ಅತ್ತಿಗೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವನು ಎರಡನೆಯದನ್ನು ತೆರೆದ. ಪೂರ್ತಿ ಬಂತು. ಕೊನೆಯ ಉದ್ಗಾರ ಚಿಹ್ನೆಯ ಚುಕ್ಕಿಯೂ ಬಂತು. ಅದರ ತಪ್ಪು ಬೇರೆಲ್ಲೋ ಇತ್ತು, ಚಿತ್ರವನ್ನು ಮುಟ್ಟಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಚಿತ್ರವನ್ನು ಹೊಸ ಫೈಲಿಗೆ ಸೇರಿಸಹೋದರೆ ಜಾಗ ಸಾಲದು ಎಂದಿತು. ಅಣ್ಣ ಎಲ್ಲದರಲ್ಲೂ ಧಾರಾಳಿ, ಚಿತ್ರವೂ ಹಾಗೇ ದೊಡ್ಡದು. ಒಳಗೆ ಚಿತ್ರ ಇರಬೇಕು, ಇಲ್ಲವೇ ಡ್ರೈವರ್ ಇರಬೇಕು.

"ಚಿತ್ರ ಸ್ವಲ್ಪ ಚಿಕ್ಕದು ಮಾಡ್ಲಾ?"

"ಬೇಡ. ಅವರು ಬರೆದ ಹಾಗೇ ಇರ್ಲಿ. ಆಗಲ್ಲ ಅಂದ್ರೆ ಆ ಕಟಕಟ ಡಿಸ್ಕನ್ನೇ ಹಾಕ್ಕೊಡು" ಎಂದಳು ಅತ್ತಿಗೆ. ಹಟವೆಂದರೆ ಹಟ.

ಮಧ್ಯಾಹ್ನದವರೆಗೆ ಹುಡುಕಾಡಿದ. ಅದೇ ಡ್ರೈವರನ್ನು ಯಾರೋ ಪುಣ್ಯಾತ್ಮರು ಬೇಡದ್ದನ್ನೆಲ್ಲ ತೆಗೆದು ಅರ್ಧಕ್ಕೆ ಇಳಿಸಿಟ್ಟಿದ್ದರು. ಅದನ್ನು ಹಾಕಿದ, ಅಣ್ಣನ ಅಕ್ಷರವನ್ನೂ ಹಾಕಿದ. ಎರಡೂ ಹಿಡಿಸಿದವು. ಈ ಸಲ ಕ್ಲಿಪ್ ಒತ್ತಿ ನೋಡಿ ಬರೆದ, ಬರೆದದ್ದನ್ನು ಎರಡು ಸಲ ಓದಿ ಹೋಲಿಸಿದ. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ.

ಸ್ವಿಚ್ ಹಾಕಿದ. ಕಪ್ಪು ತೆರೆಯ ಮೇಲೆ ಬಿಳಿಯ ಕೈಬರಹ ಒಮ್ಮೆ ಮಿನುಗಿತು, ಮರೆಯಾಯಿತು. ಕಂಪ್ಯೂಟರ್ ಸಿದ್ಧವಾಗಿತ್ತು.

"ಬಂದೆ ಅಂದ್ರು, ಹೊರಟೇಹೋದ್ರಲ್ಲ" ಎಂದಳು ಅತ್ತಿಗೆ.

ಮೆಕ್ಯಾನಿಕ್‌ಗೆ ದುಃಖ ಒತ್ತರಿಸಿ ಬಂತು. ಮೂರು ವರ್ಷದಿಂದ ಅಂಗಡಿ, ಗಿರಾಕಿ ಎಂದು ಓಡಾಡಿಕೊಂಡು ತಪ್ಪಿಸಿಕೊಂಡಿದ್ದ ಅಳು. ಹೆಗಲಿನಲ್ಲೇ ಕಣ್ಣೊರೆಸಿಕೊಂಡು ಬಯಾಸ್‌ನ ಸೆಟ್ಟಿಂಗ್ ತೆರೆದ. ಮೊದಲ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುವ ಸಾಲೊಂದು ಅದರಲ್ಲಿತ್ತು. ಎಲ್ಲರೂ ಅದನ್ನು ಸೊನ್ನೆಗೆ ಇಳಿಸಿಕೊಡಿ ಎಂದು ಕೇಳುವವರೇ. ಅದನ್ನು ಏರಿಸಲು ಕೂತದ್ದು ಅವನ ಕಸುಬಿನಲ್ಲಿ ಇದೇ ಮೊದಲು.

"ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡ್ತಿಲ್ಲ, ಅತ್ತಿಗೆ."

"ಹತ್ತೇನಾ?" ಅತ್ತಿಗೆ ಸೆರಗಿನಿಂದ ತೆರೆಯ ಮೇಲಿನ ದೂಳು ಒರೆಸಿದಳು. "ಹಾಕು, ಸಾಕು. ಅವರ ಒಂದ್ನಿಮಿಷ ಯಾವತ್ತು ಸರಿಯಾಗಿ ಒಂದ್ನಿಮಿಷ ಆಗಿತ್ತು!"