ನೀರ್ಗಂಟಿ ಮಗನ ಪೈಪು

ಜೋರು ಮಳೆ ಬಂದರೆ ರಾಮಮೂರ್ತಿ ನಗರದ ನಮ್ಮ ಬೀದಿಯಲ್ಲಿ ಯಾರೂ ಬೋಂಡಾ ಕರಿಯುವುದಿಲ್ಲ. ಬಚ್ಚಲಿನ ಬಾಯಿಗೆ ಗೋಣಿಚೀಲ ತುರುಕುತ್ತಾರೆ. ಒಳಚರಂಡಿಯ ಕೊಳಚೆ ಮನೆಯೊಳಗೇ ಉಕ್ಕುತ್ತದೆ. ಮಿಕ್ಕಿದ್ದು ಕೆರೆಗೆ ಹೋಗುತ್ತದೆ.

ಈ ಸಲ ನಮ್ಮ ಬೀದಿಯ ಚಿಕ್ಕಮುನಿಯಮ್ಮನಿಗೆ ತುಂಬಾ ಸಂಕಟವಾಗಿತ್ತು. ಸೊಸೆ ಭವ್ಯ ಹೆತ್ತು ಮೂರು ತಿಂಗಳು. ಗಂಗೆ ಪೂಜೆಗೆ ಬಾಣಂತಿಯನ್ನು ಕೆರೆಗೇ ಕರೆದೊಯ್ಯಬೇಕೆಂಬುದು ಅವಳ ಆಸೆ. ಮಗನನ್ನು ಹೆತ್ತಾಗ ತಾನೂ ಹಾಗೇ ಹೋಗಿದ್ದಳು. ಆಗ ಕೆರೆ ಹೇಗಿತ್ತು! ತೂಬಿನ ಹತ್ತಿರ ಬಿಂದಿಗೆ ಮುಳುಗಿಸಿದರೆ ತಳದ ಮರಳು ಕಾಣುತ್ತಿತ್ತು. ಏರಿಯ ಕೆಳಗೆ ಭತ್ತ, ಸೊಪ್ಪು. ಅವಳ ಮಾವ ಊರಿನ ನೀರ್ಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳಿ ತೂಬು ತೆಗೆಯುತ್ತಿದ್ದವರು.

ಗಂಡ ಮುನಿಆಂಜನಪ್ಪ ಬೈಯುತ್ತಿದ್ದುದು ಕೆರೆ ಮೂಲೆಯ ಎಸ್‌ಟಿಪಿಯನ್ನು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪುಟ್ಟ ಘಟಕವನ್ನು. ಅಲ್ಲಿ ಕೆಲಸ ಮಾಡುವ ನಾಜಿಶ್ ಅವನದೇ ವಠಾರದಲ್ಲಿ ಬಾಡಿಗೆಗಿದ್ದಳು.

"ಏನಮ್ಮಾ, ನಿಮ್ ಪ್ಲಾಂಟು ಬರೀ ಶೋಕಿಗಾ? ನೀರು ಕ್ಲೀನೇ ಆಗಲ್ವಲ್ಲ."

"ಬನ್ನಿ ತಾತ, ನೋಡ್ಬಿಟ್ಟು ಮಾತಾಡೋಣ. ಅಜ್ಜಿ, ನೀವೂ ಬನ್ನಿ."

ಘಟಕದ ತೊಟ್ಟಿಯಲ್ಲಿ ಕಂದು ನೀರು ಗುಳುಗುಳು ಎನ್ನುತ್ತಿತ್ತು.

"ಇದ್ರಲ್ಲಿ ಕಣ್ಣಿಗೆ ಕಾಣ್ದಿರೋ ಜೀವಿಗಳಿವೆ. ಕೊಳಚೆ ತಿಂದು ನೀರು ತಿಳಿ ಮಾಡೋದು ಅವೇ," ಎಂದಳು ನಾಜಿಶ್. "ಬಿಸಿಲಿದ್ರೆ ಎಲ್ಲಾ ಸರಿ ಇರತ್ತೆ. ಮಳೆ ಬಂದ್ರೆ ಮೂರು ಪಟ್ಟು ನೀರು ನುಗ್ಗತ್ತೆ, ಜೀವಿಗಳೇ ಕೊಚ್ಕೊಂಡ್ ಹೋಗ್ತವೆ. ಮತ್ತೆ ಬೆಳಿಯೋಕೆ ಎಷ್ಟೋ ದಿನ ಬೇಕು."

"ಮಳೆ ನೀರು ಇಲ್ಲಿಗ್ಯಾಕ್ ಬರತ್ತೆ?"

"ಜನ ಟೆರೇಸ್ ಪೈಪನ್ನ ಒಳಚರಂಡಿ ಚೇಂಬರ್‌ಗೆ ಸೇರ್ಸಿದಾರಲ್ಲ, ಅದಕ್ಕೆ."

ಮನೆ ಕಟ್ಟಿಸುವಾಗ ಅಂಗಳ ಒದ್ದೆಯಾಗಬಾರದೆಂದು ಮೇಸ್ತ್ರಿಯ ಬಳಿ ನಿಂತು ಹಾಗೆ ಮಾಡಿಸಿದವನು ಮುನಿಆಂಜನಪ್ಪನೇ. ಅವನನ್ನು ನೋಡಿ ಅರ್ಧ ಬೀದಿಯವರೂ ಮಾಡಿಸಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗಾಯಿತು ಅವನ ಕಥೆ.

"ಒಬ್ರ ಕಾಲ್ವೆ ನೀರು ಇನ್ನೊಬ್ರ ಕಾಲ್ವೆಗೆ ಹೋದ್ರೆ ನಮ್ಮಾವ ಉಣ್ಣೋದ್ ಬಿಟ್ಟು ಓಡೋರು," ಎಂದಳು ಚಿಕ್ಕಮುನಿಯಮ್ಮ. "ಅವರ ಮಗ ಅಂತ ಹೇಳ್ಕೊಳ್ಳೋಕೆ ನಾಚ್ಕೆ ಆಗಲ್ವಾ?"

ಆಯಿತು, ಚೆನ್ನಾಗಿಯೇ ಆಯಿತು. ಮರುದಿನವೇ ಪ್ಲಂಬರ್ ಕರೆಸಿ ಪೈಪು ಬಿಡಿಸಿದ. ಈಗ ತಾರಸಿಯ ನೀರು ಅಂಗಳದ ಇಂಗುಗುಂಡಿಗೆ ಇಳಿಯುತ್ತದೆ, ಹೆಚ್ಚಾದದ್ದು ರಸ್ತೆಬದಿಯ ಮಳೆನೀರು ಚರಂಡಿಗೆ. ಆಮೇಲೆ ಮನೆಮನೆಯ ಬಾಗಿಲು ತಟ್ಟಿದ.

"ನಾನ್ ತಪ್ಪು ಮಾಡಿದ್ ನೋಡಿ ನೀವೂ ಮಾಡಿದ್ರಿ. ಈಗ ಸರಿ ಮಾಡ್ಕೊಂಡಿದೀನಿ, ಅದನ್ನೂ ಬಂದು ನೋಡಿ."

ಏಳು ಮನೆಯವರು ಒಪ್ಪಿದರು. ಉಳಿದವರು ನೋಡೋಣ ಎಂದರು.

ಇಷ್ಟಕ್ಕೇ ಕೆರೆ ತಿಳಿಯಾಗುತ್ತದೆಯೇ? ಭವ್ಯಳ ಗಂಗೆ ಪೂಜೆ ಮನೆಯ ನಲ್ಲಿಯ ಮುಂದೆಯೇ ನಡೆಯಿತು. ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಚಿಕ್ಕಮುನಿಯಮ್ಮ ಕಣ್ಣೊರೆಸಿಕೊಂಡಳು.

"ಇರ್ಲಿ ಬಿಡವ್ವ. ಎರಡ್ನೇ ಕೂಸಿಗೆ ಕೆರೆಗೇ ಹೋಗೋಣ."

"ಅತ್ತೆ, ಮೊದ್ಲು ಇದು ರಾತ್ರಿ ನಿದ್ದೆ ಮಾಡ್ಲಿ!" ಎಂದು ಭವ್ಯ ನಕ್ಕಳು.

ಇದನ್ನು ಓದುತ್ತಿರುವವರೇ, ಇವತ್ತೇ ನಿಮ್ಮ ತಾರಸಿ ಹತ್ತಿ. ಮಳೆನೀರಿನ ಪೈಪು ಎಲ್ಲಿ ಇಳಿಯುತ್ತದೆ ನೋಡಿ. ಒಳಚರಂಡಿ ಚೇಂಬರಿಗೆ ಸೇರಿದ್ದರೆ ಬಿಡಿಸಿ. ಚಿಕ್ಕಮುನಿಯಮ್ಮನಿಗೆ ಈಗ ಎಪ್ಪತ್ತು ವರ್ಷ, ಹೆಚ್ಚು ಕಾಯಿಸಬೇಡಿ.