ಬೇಲಿ ಪಕ್ಕದ ವಿಮಾನ

ಕಂಪನಿಯಲ್ಲಿ ಅವಳನ್ನು ಎಲ್ಲರೂ ಗಿಣಿ ಅಂತಲೇ ಕರೆಯುತ್ತಿದ್ದರು. ಗಗನಸಖಿಯರಲ್ಲಿ ಅವಳೇ ಹಿರಿಯಳು. ಬೆಲ್ಟ್ ಹಾಕಿಕೊಳ್ಳಿ ಎಂದು ಅವಳು ಹೇಳಿದರೆ ಕಿಟಕಿಯಾಚೆ ನೋಡುತ್ತ ಮೈಮರೆತವರೂ ಸೊಂಟ ತಡವಿಕೊಳ್ಳುತ್ತಿದ್ದರು.

ಕಂಪನಿ ಕಟ್ಟಿದ ಯಜಮಾನರು ಮೊದಲು ಬಸ್ಸು ಓಡಿಸುತ್ತಿದ್ದವರು. ಬಸ್ ಚಾರ್ಜಿಗೆ ಇನ್ನೊಂಚೂರು ಸೇರಿಸಿದರೆ ವಿಮಾನ ಎಂದು ಅವರು ಸಾರಿದಾಗ ಜನ ನಕ್ಕರು, ಆಮೇಲೆ ಮುಗಿಬಿದ್ದರು. ಗಾಳಿಗೆ ಕಿಟಕಿ ತೆಗೆಯಲು ಬರುತ್ತದೆಯೇ ಎಂದು ಕೇಳಿದವರಿದ್ದರು. ಇಳಿಯುವಾಗ ಪೈಲಟ್‌ನ ತಲೆ ಸವರಿ ಹೋದ ಅಜ್ಜಿಯರಿದ್ದರು. ಯಜಮಾನರು ತಾವೇ ಹತ್ತಿ ಬಂದು ಮುದುಕರಿಗೆ ಬೆಲ್ಟ್ ಕಟ್ಟಿ, "ಊರು ಮುಟ್ಟಿಸೋದು ನನ್ನ ಜವಾಬ್ದಾರಿ, ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಿದ್ದರು.

ಒಂದಿದ್ದ ವಿಮಾನ ಹಲವಾಯಿತು. ಇದ್ದಬದ್ದ ಊರಿಗೆಲ್ಲ ಹಾರಿದವು. ಆದರೆ ಸೀಟು ತುಂಬಿದಷ್ಟೂ ನಷ್ಟವೂ ತುಂಬುತ್ತಾ ಹೋಯಿತು. ಇಂಧನದವರು ಕೈಯೆತ್ತಿದರು, ಪೈಲಟ್‌ಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೊಂದು ಬೆಳಿಗ್ಗೆ ಜನ ಚೀಲ ಸಮೇತ ಬಂದು ನಿಂತಾಗ ಕಂಪನಿ ಮುಚ್ಚಿಹೋಗಿತ್ತು.

ಆ ದಿನ ಕೌಂಟರಿನಲ್ಲಿದ್ದವಳು ಗಿಣಿ ಒಬ್ಬಳೇ. ಎಲ್ಲರೂ ಕೂಗಾಡಿದರು. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ಮೆಲ್ಲಗೆ ಕೇಳಿದಳು: "ನಮ್ಮಪ್ಪ ಆಸ್ಪತ್ರೇಲಿದಾರೆ. ನಾನೀಗ ಯಾರನ್ನ ಕೇಳಲಿ, ಹೇಳಿ." ಗಿಣಿ ಯಜಮಾನರಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಆಮೇಲೆ ಯಜಮಾನರು ಎಲ್ಲಿ ಹೋದರೆಂಬುದು ಅವರ ಹೆಂಡತಿಗೂ ತಿಳಿಯಲಿಲ್ಲ. ಗಿಣಿಗೆ ಆ ಹೆಂಗಸಿನ ವಿಷಯವನ್ನು ಯಾರ ಮುಂದೂ, ಒಡಹುಟ್ಟಿದ ಅಕ್ಕನ ಮುಂದೂ, ಬಾಯಿಬಿಡಲು ಆಗಲಿಲ್ಲ.

ಬಾಡಿಗೆಗೆ ಕೊಟ್ಟವರು ಬಂದು ವಿಮಾನಗಳನ್ನು ಒಯ್ದರು. ನಿಲ್ದಾಣದ ತುದಿಯಲ್ಲಿ, ಬೇಲಿಯ ಪಕ್ಕ, ಒಂದು ಮಾತ್ರ ಉಳಿಯಿತು. ಅದನ್ನು ನೋಡಿಕೊಳ್ಳುತ್ತಿದ್ದವನು ಎಲ್ಲರೂ ಮಾವ ಎನ್ನುತ್ತಿದ್ದ ಹಳೆಯ ಮೆಕ್ಯಾನಿಕ್. ಒಂದು ಮಧ್ಯಾಹ್ನ ಅವನು ಗಿಣಿಗೆ ಫೋನು ಮಾಡಿದ.

"ವಿಮಾನ ತಗೊಂಡು ಹೋಗೋರು ಬರ್ತಿದಾರಮ್ಮ. ಒಳಗಿನ ಸಾಮಾನೆಲ್ಲ ಸರಿ ಇದೆಯಾ ಅಂತ ನೋಡ್ಬೇಕು. ನೀನೊಂದ್ಸಲ ಬಾ."

"ಅದನ್ನ ನೀನೇ ನೋಡಬಹುದಲ್ಲ, ಮಾವ?"

ಅವನು ದನಿ ತಗ್ಗಿಸಿದ. "ಬ್ಯಾಟರಿ ತೆಗೆದು ಶೆಡ್ಡಲ್ಲಿಟ್ಟಿದೀನಿ. ಆದ್ರೂ ಒಳಗೆ ಬೆಲ್ ಆಗುತ್ತೆ. ಪ್ರಯಾಣಿಕರು ಕರೀತಾರಲ್ಲ, ಆ ಬೆಲ್ಲು."

ಗಿಣಿ ಹೋದಳು. ಟೈರುಗಳ ಸುತ್ತ ಹುಲ್ಲು ಬೆಳೆದಿತ್ತು. ಬಿಸಿಲಿಗೆ ಏಣಿಮೆಟ್ಟಿಲಿನ ಕಬ್ಬಿಣ ಕಾದು ಕೈ ಇಡಲಾಗುತ್ತಿರಲಿಲ್ಲ. ಮಾವ ಕೆಳಗೇ ನಿಂತ. ಒಳಗೆ ಕಾವಲಿಯ ಹಾಗೆ ಸುಡಬೇಕಿತ್ತು. ಆದರೆ ಜನ ತುಂಬಿದ ಕೋಣೆಯ ಬೆಚ್ಚಗಿನ, ಉಸಿರಾಡಿದ ಗಾಳಿಯಿತ್ತು.

ಕೊನೆಯ ಸಾಲಿನಲ್ಲಿ ಯಜಮಾನರು ಬೆಲ್ಟ್ ಹಾಕಿಕೊಂಡು ಕೂತಿದ್ದರು. ಗಡ್ಡ ಎದೆಗಿಳಿದಿತ್ತು.

"ಇನ್ನೂ ಹೊರಡಲಿಲ್ವಾ?" ಎಂದರು. "ಎಲ್ಲರೂ ಆಗಿಂದ ಕಾಯ್ತಿದಾರೆ."

ಇವರು ಸಿಕ್ಕರೆ ಕೇಳಬೇಕೆಂದು ಕೂಡಿಟ್ಟುಕೊಂಡ ಮಾತೆಲ್ಲ ಗಿಣಿಯ ನಾಲಿಗೆಯ ತುದಿಗೆ ಬಂತು. "ಯಾರು ಸರ್ ಕಾಯ್ತಿರೋದು? ಯಾರಿದಾರೆ ಇಲ್ಲಿ?"

"ಮೆಲ್ಲಗೆ ಮಾತಾಡಮ್ಮ. ಅಲ್ಲೊಂದು ಮಗು ಈಗಷ್ಟೇ ಮಲಗಿದೆ." ಅವರು ಮುಂದಿನ ಖಾಲಿ ಸೀಟಿನತ್ತ ಕಣ್ಸನ್ನೆ ಮಾಡಿದರು. "ಪಾಪ, ಅದರ ತಾಯಿಗೆ ಬೇಗ ಹೋಗ್ಬೇಕಂತೆ. ಅವರಪ್ಪ ಆಸ್ಪತ್ರೇಲಿದಾರಂತೆ."

ಗಿಣಿ ಆ ಸೀಟಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಸರ್, ಇಳೀರಿ. ಮನೆಗೆ ಹೋಗೋಣ."

"ಇವರನ್ನೆಲ್ಲ ಬಿಟ್ಟು ಹೇಗಮ್ಮ ಇಳೀಲಿ? ಇವರು ಇಳಿದ್ಮೇಲೆ ನಾನು."

ಅವರ ಕಣ್ಣಲ್ಲಿ ಮೋಸವಿರಲಿಲ್ಲ, ಹುಚ್ಚೂ ಇದ್ದಂತೆ ಕಾಣಲಿಲ್ಲ. ದಣಿವಿತ್ತು. ಗಿಣಿಗೆ ಬೇರೆ ದಾರಿ ತೋಚಲಿಲ್ಲ. ಬಾಗಿಲ ಹತ್ತಿರ ಹೋಗಿ, ಸೀರೆಯ ಸೆರಗು ಸರಿಮಾಡಿಕೊಂಡು, ಸೀಟುಗಳ ಕಡೆ ತಿರುಗಿ ನಿಂತಳು. ಮೈಕು ಸತ್ತಿತ್ತು. ಗಂಟಲೆತ್ತಿ ಹೇಳಿದಳು: "ಪ್ರಯಾಣಿಕರೇ, ನಾವು ಈಗ ತಲುಪಿದ್ದೇವೆ. ತಡವಾಗಿದ್ದಕ್ಕೆ ಕ್ಷಮಿಸಿ. ನಿಮ್ಮನ್ನು ಕಾಯುತ್ತಿರುವವರು ಹೊರಗಿದ್ದಾರೆ..."

ಎಲ್ಲೋ ನಡುವೆ ಒಂದು ಬೆಲ್ಟ್ ಟಕ್ ಎಂದು ಬಿಚ್ಚಿಕೊಂಡಿತು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾತು ನಿಲ್ಲಿಸಲಿಲ್ಲ; ನಿಲ್ಲಿಸಿದರೆ ಏನಾಗುವುದೋ ಎಂಬ ಭಯವಿತ್ತು. ಸಾಮಾನು ಮರೆಯಬೇಡಿ ಎಂದಳು. ಹುಷಾರಾಗಿ ಇಳಿಯಿರಿ ಎಂದಳು. ಯಾರೋ ಉಜ್ಜಿಕೊಂಡು ಹೋದಂತೆ ಅವಳ ಸೆರಗು ಮತ್ತೆ ಮತ್ತೆ ಬಾಗಿಲ ಕಡೆ ಜಗ್ಗಿತು. ಒಮ್ಮೆ ಮಗುವಿನ ಪೌಡರಿನ ವಾಸನೆ ಹಾದುಹೋಯಿತು. ಪ್ರತಿ ಸಲವೂ ಅವಳು ತಲೆಬಾಗಿ, "ಹೋಗಿಬನ್ನಿ" ಎಂದಳು. ಆ ಬೆಳಿಗ್ಗೆ ಕೌಂಟರಿನಲ್ಲಿ ಹೇಳಲಾಗದೆ ಉಳಿದಿದ್ದ ಮಾತು ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು.

ಕೊನೆಯಲ್ಲಿ ಯಜಮಾನರು ಎದ್ದು ಬಂದರು. "ಎಲ್ಲರೂ ಇಳಿದ್ರಲ್ಲ?"

"ಇಳಿದ್ರು, ಸರ್."

ಕೆಳಗೆ ಮಾವ ಏಣಿಮೆಟ್ಟಿಲಿನಿಂದ ದೂರ ಸರಿದು, ಗುಂಪಿಗೆ ದಾರಿ ಬಿಟ್ಟವನಂತೆ ಬೇಲಿಗೆ ಒತ್ತಿಕೊಂಡು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. "ನಾನೇನೂ ನೋಡ್ಲಿಲ್ಲ ಕಣಮ್ಮ," ಎಂದ. "ಮೆಟ್ಟಿಲು ಅಲ್ಲಾಡ್ತಾ ಇತ್ತು, ಅಷ್ಟೇ." ಗಿಣಿಯ ಜೊತೆ ಇಳಿದು ಬಂದ ಗಡ್ಡದವರು ಯಜಮಾನರೆಂದು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಇಬ್ಬರೂ ಸೇರಿ ಯಜಮಾನರನ್ನು ಮಾವನ ವ್ಯಾನಿನಲ್ಲಿ ಮನೆಗೆ ಮುಟ್ಟಿಸಿದರು. ಹೆಂಡತಿ ಬಾಗಿಲು ತೆರೆದು ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ, ಅಳಲಿಲ್ಲ. "ಬಂದ್ರಾ? ಶೂ ಬಿಚ್ಚಿ, ನೀರು ಕಾಯಿಸ್ತೀನಿ" ಎಂದು ಒಳಗೆ ನಡೆದರು.

ಕೋರ್ಟಿನಲ್ಲಿ ಕೇಸುಗಳು ಇನ್ನೂ ನಡೆಯುತ್ತಿವೆ. ಯಜಮಾನರು ತಪ್ಪದೆ ಹೋಗುತ್ತಾರೆ, ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾರೆ. ವಿಮಾನವನ್ನು ಬೇರೆ ದೇಶದವರು ಬಣ್ಣ ಬಳಿದು ಒಯ್ದರು.

ಗಿಣಿ ಮತ್ತೊಂದು ಕಂಪನಿಯ ಸಂದರ್ಶನಕ್ಕೆ ಹೋದಾಗ ಅಲ್ಲಿನ ಅಧಿಕಾರಿ, "ಆ ಕಂಪನಿ ಮುಳುಗೋವಾಗ ನೀವು ಯಾವಾಗ ಬಿಟ್ರಿ?" ಎಂದು ಕೇಳಿದ.

"ಎಲ್ಲರೂ ಇಳಿದ ಮೇಲೆ, ಸರ್," ಎಂದಳು.

ಅವನು ತಮಾಷೆಯೆಂದುಕೊಂಡು ನಕ್ಕ. ಕೆಲಸ ಸಿಕ್ಕಿತು.